ಹಾರ್ಟಿಗೆ ಒಳ್ಳೆಯದೆಂಬ ದ್ರಾಕ್ಷಿ ರಸ

ನಾನು ಬಸುರಿ ಎಂದು ತಿಳಿದ ದಿನವೇ ಚೆನ್ನೈನ ಅಡ್ಯಾರಿನ ನಮ್ಮ ಮನೆಯಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ಪರಂಗಿ ಹಣ್ಣು ಕೂಡದು, ಅನಾನಸ್ ಕೂಡದು, ಎಳ್ಳುಂಡೆಯ ಹೆಸರೆತ್ತುವುದೂ ಕೂಡದು. ಆಜ್ಞೆ ಹೊರಡಿಸಿದವರು ನನ್ನ ಅತ್ತೆ.

ಹೀಗಿರುವಾಗ ಒಂದು ಭಾನುವಾರ ಅತ್ತೆಯ ತಮ್ಮ ರೆಡ್ ವೈನ್ ಬಾಟಲಿ ಹಿಡಿದು ಬಂದರು. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ವೈದ್ಯಶಾಸ್ತ್ರವನ್ನೆಲ್ಲ ವಾಟ್ಸಾಪಿನಲ್ಲೇ ಓದಿ ಮುಗಿಸಿದವರು ಅವರು.

"ಅಕ್ಕ, ಇದು ಹೆಂಡ ಅಲ್ಲ, ದ್ರಾಕ್ಷಿ ರಸ. ಹಾರ್ಟಿಗೆ ಒಳ್ಳೇದು. ತಾಯಿ ಹಾರ್ಟ್ ಗಟ್ಟಿಯಾದ್ರೆ ಮಗೂದೂ ಗಟ್ಟಿಯಾಗತ್ತೆ."

ಏಕಾದಶಿಯಂದು ಈರುಳ್ಳಿಯ ವಾಸನೆಗೂ ಮೂಗು ಮುಚ್ಚುವ ಅತ್ತೆ, ದ್ರಾಕ್ಷಿ ಎಂಬ ಮಾತಿಗೆ ಕರಗಿ ಬೆಳ್ಳಿ ಲೋಟ ತಂದರು. ನಾನು ಬೇಡವೆಂದೆ.

"ಪರಂಗಿ ತಿನ್ಬೇಡ ಅಂದ್ರೆ ನಗ್ತೀಯ, ಒಳ್ಳೇದು ಕೊಟ್ರೆ ಮುಖ ತಿರುಗಿಸ್ತೀಯ," ಎಂದು ಅತ್ತೆ ಗೊಣಗಿದರು. ಗಂಡ ಟಿವಿಯ ಸದ್ದು ಏರಿಸಿದ. ಅಮ್ಮನಿಗೂ ಹೆಂಡತಿಗೂ ಮಾತು ಬೆಳೆದಾಗಲೆಲ್ಲ ಅವನ ವಿದೇಶಾಂಗ ನೀತಿ ಅದೇ.

"ಡಾಕ್ಟರನ್ನೇ ಕೇಳೋಣ ಬನ್ನಿ," ಎಂದೆ.

ಮರುದಿನ ಅಕ್ಕ, ತಮ್ಮ ಇಬ್ಬರೂ ನನ್ನೊಂದಿಗೆ ಕೀಲ್ಪಾಕಿನ ಕ್ಲಿನಿಕ್ಕಿಗೆ ಹೊರಟರು. ದಾರಿಯುದ್ದಕ್ಕೂ ಅತ್ತೆಯ ತಮ್ಮ ಆಟೋದವನಿಗೆ ತಮಿಳಿನಲ್ಲಿ ವೈನ್ ಮಹಾತ್ಮೆ ಹೇಳಿದರು. ಡಾಕ್ಟರಮ್ಮ ಅದೇ ಉಪನ್ಯಾಸವನ್ನು ತಾಳ್ಮೆಯಿಂದ ಕೇಳಿ, "ಒರು ಸೊಟ್ಟು ಕೂಡ ವೇಂಡಾಂ," ಎಂದರು. ಒಂದು ತೊಟ್ಟೂ ಬೇಡ.

ತಾಯಿ ಕುಡಿದ ಮದ್ಯ ಹೊಕ್ಕುಳಬಳ್ಳಿಯ ಮೂಲಕ ಮಗುವಿನ ರಕ್ತವನ್ನೂ ಸೇರುತ್ತದೆ, ಬಸಿರು ಗೊತ್ತಾಗುವ ಮೊದಲೇ ಪುಟ್ಟ ಹೃದಯ ರೂಪುಗೊಳ್ಳತೊಡಗಿರುತ್ತದೆ, ಆ ಹೊತ್ತಿನಲ್ಲಿ ಕುಡಿದರೆ ಅದರ ಗೋಡೆಯಲ್ಲಿ ತೂತು ಉಳಿಯುವ ಅಪಾಯವಿದೆ ಎಂದು ವಿವರಿಸಿದರು. ಆಮೇಲಿನ ತಿಂಗಳುಗಳಲ್ಲಿ ಮಿದುಳಿಗೂ ಪೆಟ್ಟು ಬೀಳಬಹುದಂತೆ. ಇಷ್ಟು ಕುಡಿದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲವಂತೆ.

"ವೈನ್ ಆದ್ರೂ?" ತಮ್ಮ ಕೇಳಿದರು.

"ವೈನುಂ ಆಲ್ಕೋಹಾಲ್ ದಾನ್ ಸಾರ್," ಎಂದರು ಡಾಕ್ಟರಮ್ಮ. ವೈನೂ ಆಲ್ಕೋಹಾಲೇ.

ಆಮೇಲೆ ನನ್ನ ಹೊಟ್ಟೆಯ ಮೇಲೆ ಯಂತ್ರವಿಟ್ಟರು. ಪುಟ್ಟ ಕುದುರೆ ಓಡಿದಂಥ ಸದ್ದು ಕೋಣೆ ತುಂಬಿತು. ಅತ್ತೆ ಕೈಮುಗಿದರು. ಕಣ್ಣಲ್ಲಿ ನೀರಿತ್ತು.

"ಇಷ್ಟು ಪುಟ್ಟ ಜೀವಕ್ಕೆ ನಾನೇ ವಿಷ ಕೊಡೋಕೆ ಹೊರಟಿದ್ನಲ್ಲೇ," ಎಂದು ನನ್ನ ಕೈ ಹಿಡಿದರು. ಅದುವರೆಗೂ ಗೆದ್ದೆನೆಂದು ಒಳಗೇ ಬೀಗುತ್ತಿದ್ದ ನನಗೂ ಅಳು ಬಂತು.

ಮನೆಗೆ ಬಂದ ಮೇಲೆ ತಮ್ಮ, "ವೇಸ್ಟ್ ಮಾಡೋದು ಬೇಡ, ನಾನೇ ಮುಗಿಸ್ತೀನಿ," ಎಂದು ತ್ಯಾಗಕ್ಕೆ ಮುಂದಾದರು. ಅತ್ತೆ ಬಾಟಲಿ ಕಸಿದುಕೊಂಡು ಬಚ್ಚಲಿಗೆ ಸುರಿದರು.

"ನಿಂದೂ ಹಾರ್ಟೇ ಅಲ್ವೇನೋ?"

ಮಗಳು ಹುಟ್ಟಿದಾಗ ಮಕ್ಕಳ ಡಾಕ್ಟರು ಎದೆ ಪರೀಕ್ಷಿಸಿ ಎಲ್ಲ ಸರಿಯಾಗಿದೆ ಎಂದರು. ಅಷ್ಟರಲ್ಲೇ, ಬಾಣಂತಿಗೆ ಬ್ರಾಂದಿ ಒಳ್ಳೆಯದೆಂಬ ವಾಟ್ಸಾಪ್ ಸಂದೇಶ ಅತ್ತೆಯ ಫೋನಿಗೆ ಬಂತು. ಅತ್ತೆ ಕನ್ನಡಕ ಏರಿಸಿ ಓದಿ, ತಮ್ಮನ ನಂಬರನ್ನು ಹೇಗೆ ಬ್ಲಾಕ್ ಮಾಡುವುದೆಂದು ನನ್ನನ್ನು ಕೇಳಿ ಕಲಿತರು.