ಚೆನ್ನೈನವರು ಒಪ್ಪಿದ್ದರು

ಚೆನ್ನೈನವರು ಒಪ್ಪಿದ್ದಾರೆ, ಬೆಂಗಳೂರಿನವರೂ ಒಪ್ಪಿದ್ದಾರೆ, ಹುಡುಗಿಯೇ ಇನ್ನೂ ಬಾಯಿ ಬಿಟ್ಟಿಲ್ಲ ಎಂದು ತಂಗಿ ಸರಸಮ್ಮ ಫೋನಿನಲ್ಲಿ ಹೇಳಿದಾಗ ಅನಂತರಾಜು ಗಂಡಿನ ಮಾತೆಂದೇ ತಿಳಿದರು. ಇಸ್ತ್ರಿ ಅಂಗಿ ತೊಟ್ಟು, ಸೋದರಮಾವನನ್ನು ಕೇಳದೆ ಇಷ್ಟು ದೂರ ಹೋದದ್ದಕ್ಕೆ ಒಂದಿಷ್ಟು ಮುನಿಸನ್ನೂ ಸಿದ್ಧಮಾಡಿಕೊಂಡು, ಮಾಗಡಿಯಲ್ಲಿ ಕುದೂರಿನ ಬಸ್ಸು ಹತ್ತಿದರು.

ಒಪ್ಪಿದ್ದು ಕಾಲೇಜುಗಳು. ಎಂ.ಎಸ್ಸಿ. ಮುಗಿಸಿದ ಸರಸಮ್ಮನ ಮಗಳು ಲತಾಮಣಿಗೆ ಶುದ್ಧ ಗಣಿತದಲ್ಲಿ ಪಿಎಚ್.ಡಿ. ಮಾಡುವ ಆಸೆ. ಅವಳು ಹಿಡಿದ ವಿಷಯ ಬಲ್ಲ ಪ್ರೊಫೆಸರು ಇದ್ದದ್ದು ಚೆನ್ನೈನಲ್ಲಿ. ಬೆಂಗಳೂರಿನ ಕಾಲೇಜಿನಲ್ಲಿ ಅಂಥವರು ಯಾರೂ ಇರಲಿಲ್ಲ; ಸಂಜೆಗೆ ಮನೆ ಸೇರಿಸುವ ಬಸ್ಸು ಮಾತ್ರ ಇತ್ತು.

ಆ ಬಸ್ಸು ಬೇಕಾದದ್ದು ಸರಸಮ್ಮನಿಗಾಗಿ. ಗಂಡ ಹೋದ ಮೇಲೆ ರೇಷ್ಮೆ ಹುಳುಮನೆ ನಡೆಸಿದವರು ಅವರೇ. ಪ್ರತಿ ಬೆಳೆ ಮುಗಿದಾಗಲೂ ಬಾಗಿಲು ಕಿಟಕಿ ಮುಚ್ಚಿ, ಮೂಗಿಗೆ ಸೆರಗು ಕಟ್ಟಿ ಫಾರ್ಮಲಿನ್ ಹೊಡೆಯುವರು. ಘಾಟು ಆರುವ ಮೊದಲೇ ಒಳಹೊಕ್ಕು ಬಿದಿರು ತಟ್ಟೆ ಜೋಡಿಸುವರು. ಹುಳಕ್ಕೆ ರೋಗ ತಗುಲಬಾರದಲ್ಲ. ಹುಳಕ್ಕೆ ತಗುಲಲಿಲ್ಲ. ಈಗ ಅಡುಗೆಮನೆಯಿಂದ ಜಗಲಿಗೆ ಬರಬೇಕಾದರೂ ನಡುವೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಮಗಳನ್ನು ಹೊರಗೆ ಕರೆದು ಹೇಳಿದ್ದರು. ಅವಳು ಮಾವನಿಗೆ ಹೇಳಿದಳು. ಅನಂತರಾಜು ಅದನ್ನು ಉಬ್ಬಸವೆಂದು ತಿದ್ದಿ, ಆಡುಸೋಗೆ ಕಷಾಯ ಸೂಚಿಸಿದರು.

ಕಾಲೇಜಿನ ಆಯ್ಕೆಯನ್ನೂ ಅವರೇ ವಹಿಸಿಕೊಂಡರು. ಬೆಂಗಳೂರಿಗೆ ಹೋಗಿ ಗೇಟು, ಕಾಂಪೌಂಡು, ಮರದ ನೆರಳು ಎಲ್ಲ ನೋಡಿ, ವಾಚ್‌ಮನ್ನನ್ನು ವಿಚಾರಿಸಿ ಬಂದರು. ವಾಚ್‌ಮನ್ ತುರುವೇಕೆರೆ ಕಡೆಯವನು, ಬಲು ಮರ್ಯಾದಸ್ಥ. ಗಣಿತಕ್ಕೆ ಇನ್ನೇನು ಬೇಕು?

ಸರಸಮ್ಮ ಮಾತ್ರ ಚೆನ್ನೈ ಎನ್ನುತ್ತಲೇ ಇದ್ದರು. "ನೀ ಹೋಗು ಕಣವ್ವ, ನಾನು ಹೆಂಗೋ..." ಮಿಕ್ಕದ್ದನ್ನು ಕೆಮ್ಮು ನುಂಗಿತು.

ಉತ್ತರ ಕಳಿಸುವ ಕೊನೆಯ ದಿನವೇ ಹುಳ ಹಣ್ಣಾದವು. ಗೂಡು ಕಟ್ಟಲು ಹೊರಟ ಹುಳ ಯಾರಿಗೂ ಕಾಯುವುದಿಲ್ಲ. ಬೆಳಗಿನಿಂದ ಅವನ್ನು ಆರಿಸಿ ಚಂದ್ರಿಕೆಯ ಬಿದಿರು ಸುರುಳಿಗೆ ಬಿಟ್ಟ ಲತಾಮಣಿ, ಮಧ್ಯಾಹ್ನ ಕೈ ತೊಳೆದು ಜಗಲಿಯಲ್ಲಿ ಕೂತು, ಮೊಬೈಲಿನಲ್ಲೇ ಬೆಂಗಳೂರಿಗೆ ಬರುತ್ತೇನೆಂದೂ ಚೆನ್ನೈಗೆ ಬರಲಾರೆನೆಂದೂ ಬರೆದಳು. ಬರೆದಾದ ಮೇಲೂ ಸುಮಾರು ಹೊತ್ತು ಫೋನು ಕೆಳಗಿಡಲಿಲ್ಲ.

ಉತ್ತರ ತಿಳಿಯಲೆಂದೇ ಬಂದಿದ್ದ ಅನಂತರಾಜುಗೆ ಪರಮ ತೃಪ್ತಿ. ಹಿರಿಯರ ಮಾತಿಗೆ ಬೆಲೆ ಕೊಡುವ ಮಕ್ಕಳು ಈಗೆಲ್ಲಿದ್ದಾರೆ ಎಂದು ಪಕ್ಕದ ಮನೆಯ ಮುನಿರಾಮಯ್ಯನಿಗೂ ಕೇಳುವಂತೆ ಹೇಳಿ, ಸೋದರಸೊಸೆಯತ್ತ ತಿರುಗಿದರು.

"ಚೆನ್ನೈನೋರಿಗೆ ಏನಂತ ಬರೆದ್ಯವ್ವ? ನಮ್ಮ ಮಾವ ಬ್ಯಾಡ ಅಂದವ್ರೆ ಅಂತ ಬರೆದ್ಯಾ?"

"ಇಲ್ಲ ಮಾವ. ನಮ್ಮವ್ವ ಸಾಯ್ತಾವ್ಳೆ ಅಂತ ಬರೆದೆ."