ಕತ್ತೆಯಾಟದಲ್ಲಿ ಅತ್ತಿಗೆ ಸೋತ ಬಗೆ

ಅತ್ತಿಗೆ, ಆ ಬೇಸಿಗೆಯಲ್ಲಿ ನೀವು ಒಂದು ದಿನವೂ ನಿಮ್ಮ ತಪ್ಪಿನಿಂದ ಸೋಲಲಿಲ್ಲ. ನಿಮ್ಮನ್ನು ಸೋಲಿಸಿದವಳು ನಾನು — ನಿಮ್ಮ ಬೆನ್ನ ಹಿಂದೆ ಕೂತು ತಲೆ ಬಾಚುತ್ತಿದ್ದ ನಾನು.

ಇಷ್ಟನ್ನು ಬರೆಯಲು ನಲವತ್ತು ವರ್ಷ ಬೇಕಾಯಿತು. ಮೇಷ್ಟ್ರಮ್ಮ ಎನಿಸಿಕೊಂಡು ಊರ ಮಕ್ಕಳಿಗೆಲ್ಲ ‘ಸುಳ್ಳು ಹೇಳಬಾರದು’ ಎಂದು ಕಾಪಿ ಬರೆಸಿದವಳು ನಾನು. ಆ ಮಕ್ಕಳಲ್ಲಿ ಒಬ್ಬರಾದರೂ ತಿರುಗಿ ಕೇಳಿದ್ದರೆ — ಇರಲಿ, ಅದು ಆ ಮಕ್ಕಳ ಕೆಲಸವಾಗಿರಲಿಲ್ಲ.

ಯುದ್ಧದ ಕಾಲ. ಸೀಮೆಎಣ್ಣೆಗೆ ತತ್ವಾರ, ಹಾಗಾಗಿ ಆಟವೇನಿದ್ದರೂ ಮಧ್ಯಾಹ್ನವೇ. ಅಣ್ಣ ಕೋಟೇಶ್ವರದಲ್ಲಿ ಮೇಷ್ಟ್ರು, ಶಾಲೆಗೆ ರಜೆ. ನೀವು ಬೈಂದೂರಿನಿಂದ ಬೀಜಾಡಿಯ ನಮ್ಮ ಮನೆಗೆ ಮದುವೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿದ್ದ ಮಾವ ತಂದುಕೊಟ್ಟಿದ್ದ ಒಂದೇ ಒಂದು ಇಸ್ಪೀಟು ಕಟ್ಟು ನಮ್ಮ ಮನೆಯ ದೊಡ್ಡ ಆಸ್ತಿ. ಊಟ ಮುಗಿಸಿ ಚಾವಡಿಯಲ್ಲಿ ಚಾಪೆ ಹಾಸಿದರೆ ಅಮ್ಮ, ಅಣ್ಣ, ನೀವು, ಪಕ್ಕದ ಮನೆಯ ಪದ್ದಕ್ಕ — ನಾಲ್ವರ ಕತ್ತೆಯಾಟ.

ಆಟದ ಕ್ರಮ ನಿಮಗೆ ನೆನಪಿದ್ದೀತು. ಎಲೆಗಳನ್ನೆಲ್ಲ ಹಂಚಿಬಿಡುವುದು. ಒಬ್ಬರು ಇಳಿದ ಬಣ್ಣವನ್ನೇ ಉಳಿದವರೂ ಇಳಿಯಬೇಕು. ಆ ಬಣ್ಣ ಇಲ್ಲದವರು ಬೇರೆ ಎಲೆ ಎಸೆದು ಕಡಿದರೆ, ದೊಡ್ಡ ಎಲೆ ಇಳಿದವರು ಕೆಳಗಿದ್ದದ್ದನ್ನೆಲ್ಲ ಹೊತ್ತುಕೊಳ್ಳಬೇಕು. ಕೊನೆಗೆ ಕೈಯಲ್ಲಿ ಎಲೆ ಉಳಿದವರೇ ಕತ್ತೆ. ಕತ್ತೆಯಾದವರು ಅಡಿಕೆ ಹಾಳೆಯ ಟೊಪ್ಪಿ ಇಟ್ಟುಕೊಂಡು ಅಂಗಳದ ತುದಿಗೆ ಹೋಗಿ ಮೂರು ಸಲ ಕತ್ತೆಯ ಹಾಗೆ ಕೂಗಬೇಕು. ನಗುವುದಕ್ಕೆ ಇಷ್ಟು ಸಾಕಿತ್ತು ನಮಗೆ.

ಮೊದಲ ಮೂರು ದಿನ ನೀವು ಒಮ್ಮೆಯೂ ಕತ್ತೆಯಾಗಲಿಲ್ಲ. ಯಾವ ಬಣ್ಣದ ಎಷ್ಟು ಎಲೆ ಹೋಯಿತು, ಯಾರ ಕೈಯಲ್ಲಿ ಯಾವುದು ಮುಗಿಯಿತು — ಎಲ್ಲ ನಿಮ್ಮ ತಲೆಯೊಳಗೆ ಇರುತ್ತಿತ್ತು. ಮೂರೂ ದಿನ ಟೊಪ್ಪಿ ಅಮ್ಮನ ತಲೆಗೆ. ಮೂರನೆಯ ದಿನ ಕೂಗಿ ಬಂದವಳು ನಗಲಿಲ್ಲ. ಟೊಪ್ಪಿ ತೆಗೆದಿಟ್ಟು ಒಳಗೆ ಹೋಗಿ ಅಕ್ಕಿ ಆರಿಸುತ್ತ ಕೂತಳು. “ಈ ಹೆಣ್ಣಿಗೆ ಬುದ್ಧಿ ಸ್ವಲ್ಪ ಜಾಸ್ತಿ” ಎಂದಳು, ನನಗೋ ಮೊರಕ್ಕೋ ಗೊತ್ತಾಗದ ಹಾಗೆ.

ಅಷ್ಟೇ. ಅಮ್ಮ ನನ್ನನ್ನು ಏನೂ ಕೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಎಷ್ಟೋ ವರ್ಷ ‘ಅಮ್ಮ ಮಾಡಿಸಿದ್ದು’ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸತ್ತವರ ತಲೆಗೆ ಕಟ್ಟುವುದು ಸುಲಭ.

ಮದುವಣಗಿತ್ತಿಯ ತಲೆ ಬಾಚುವುದು ನಾದಿನಿಯ ಪಾಲಿನ ಕೆಲಸ. ಆಟದ ಹೊತ್ತಿಗೇ ನಾನು ನಿಮ್ಮ ಹಿಂದೆ ಮೊಣಕಾಲೂರಿ ಕೂತು ಬಾಚುತ್ತಿದ್ದೆ. ನಿಮ್ಮ ಹೆಗಲ ಮೇಲಿಂದ ಎಲೆಗಳೆಲ್ಲ ಕಾಣುತ್ತಿದ್ದವು. ನಾಲ್ಕನೆಯ ದಿನ, ಎದುರಿಗೆ ಕೂತಿದ್ದ ಅಮ್ಮ ಒಂದು ಆಟೀನನ್ನು ಅರ್ಧ ಎಳೆದು ಇಳಿಯಲೋ ಬೇಡವೋ ಎಂದು ನೋಡುತ್ತಿದ್ದಳು. ನಿಮ್ಮ ಬಳಿ ಆಟೀನಿನ ರಾಜ ಒಂದೇ ಇತ್ತು. ಪದ್ದಕ್ಕನ ಕೈಯಲ್ಲಿ ಆಟೀನು ಮುಗಿದಿತ್ತು. ನಾನು ಬಾಚುವುದನ್ನು ನಿಲ್ಲಿಸಿ ಅಮ್ಮನನ್ನೇ ನೋಡಿದೆ. ಅಮ್ಮ ಇಳಿದಳು. ನಿಮಗೆ ರಾಜನನ್ನೇ ಇಳಿಯಬೇಕಾಯಿತು. ಪದ್ದಕ್ಕ ಕಡಿದಳು. ನೀವು ಹೊತ್ತುಕೊಂಡಿರಿ.

ಮರುದಿನದಿಂದ ಅಮ್ಮ ಎಲೆಯನ್ನು ಅರ್ಧ ಎಳೆದು ಕಾಯತೊಡಗಿದಳು. ಬಾಚಣಿಗೆ ಓಡುತ್ತಿದ್ದರೆ ಬೇಡ, ನಿಂತರೆ ಇಳಿ. ಇದರ ಬಗ್ಗೆ ನಮ್ಮಿಬ್ಬರ ನಡುವೆ ಒಂದು ಮಾತೂ ಆಗಲಿಲ್ಲ — ಆಗ ಮಾತ್ರವಲ್ಲ, ಅವಳು ಸಾಯುವವರೆಗೂ. ಬಾಚಣಿಗೆ ನಿಂತಾಗ ನೀವು ತಲೆ ತಿರುಗಿಸದೆಯೇ ಕೇಳುತ್ತಿದ್ದಿರಿ, “ಎಂತ ಹೆಣ್ಣೆ, ಸಿಕ್ಕ್ ಇತ್ತಾ?” ನಾನು ಹೌದು ಅನ್ನುತ್ತಿದ್ದೆ. ಸಿಕ್ಕು ಬಿಡಿಸುವಾಗ ನೋವಾಗದಿರಲಿ ಎಂದು ನಾನು ನಿಧಾನ ಮಾಡುತ್ತಿದ್ದೇನೆ ಎಂದುಕೊಂಡಿದ್ದಿರಿ ನೀವು.

ಅದಾದ ಮೇಲೆ ದಿನವೂ ನೀವೇ ಕತ್ತೆ. ಮೊದಮೊದಲು ನೀವೂ ನಕ್ಕಿರಿ, ಎಲ್ಲರಿಗಿಂತ ಚೆನ್ನಾಗಿ ಕೂಗಿದಿರಿ. ಆಮೇಲೆ ಆಟ ಮುಗಿದ ಮೇಲೂ ಎಲೆಗಳನ್ನು ಚಾಪೆಯ ಮೇಲೆ ಹರಡಿ, ಬೆರಳು ಮಡಿಸಿ ಎಣಿಸುತ್ತ ಕೂರತೊಡಗಿದಿರಿ. ಒಂದು ಸಂಜೆ ನನ್ನನ್ನು ಹತ್ತಿರ ಕರೆದಿರಿ.

“ನೀನ್ ಹಿಂದೆ ಕೂತ್ಕಂಡ್ ಕಾಣ್ತ್ ಇರ್ತೆ ಅಲ್ದಾ? ನಾನ್ ಎಲ್ಲಿ ತಪ್ದೆ, ಹೇಳ್ ಕಾಂಬ.”

ನನಗೆ ಹದಿಮೂರು. ತರಗತಿಗೆ ನಾನೇ ಮೊದಲು. ನನ್ನ ಮಾತಿಗೆ ನೀವು ಬೆಲೆ ಕೊಡುತ್ತಿದ್ದಿರಿ. ಆ ಕ್ಷಣ ನಿಜ ಹೇಳಿದ್ದರೆ — ಏನಾಗುತ್ತಿತ್ತು? ಎರಡು ಪೆಟ್ಟು ಬೀಳುತ್ತಿತ್ತು, ನಾಲ್ಕು ದಿನ ಚೇಷ್ಟೆ ಮಾಡಿ ನಗುತ್ತಿದ್ದರು. ನಾನು ಹೇಳಿದ್ದು ಹೀಗೆ: “ನಿಮ್ಗ್ ಲೆಕ್ಕ ತಪ್ಪತ್ತ್ ಅತ್ತಿಗೆ.”

ನೀವು ನನ್ನ ಮುಖ ನೋಡಿದಿರಿ. “ಹೌದಾ?” ಎಂದಿರಿ. ಎಲೆಗಳನ್ನು ಜೋಡಿಸಿ ಕಟ್ಟಿಟ್ಟಿರಿ.

ಬಾಚಣಿಗೆಯದ್ದು ಮಕ್ಕಳ ಚೇಷ್ಟೆ ಎಂದು ಯಾರಾದರೂ ಬಿಟ್ಟುಬಿಟ್ಟಾರು. ಈ ಮಾತು ಮಾತ್ರ ಚೇಷ್ಟೆಯಲ್ಲ. ನಿಮ್ಮ ತಲೆಯೊಳಗಿದ್ದ ಗಟ್ಟಿ ವಸ್ತುವನ್ನು ನಾನು ತಿಳಿದೂ ತಿಳಿದೂ ಅಲ್ಲಾಡಿಸಿದೆ.

ಅದೇ ಬೇಸಿಗೆ ನಿಮ್ಮ ಅರ್ಜಿಯೂ ಇತ್ತು. ಎಂಟನೆಯ ತರಗತಿ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದ ನಿಮ್ಮನ್ನು ಮಂಗಳೂರಿಗೆ ಕಳಿಸಿ ಟೀಚರ್ ಟ್ರೈನಿಂಗ್ ಮಾಡಿಸಬೇಕೆಂದು ಅಣ್ಣನ ಆಸೆ, ನಿಮ್ಮದೂ. ಮದುವೆಗೆ ಮೊದಲೇ ಅವನಿಂದ ಮಾತು ತೆಗೆದುಕೊಂಡಿದ್ದಿರಂತೆ. ಮಳೆ ಹಿಡಿಯುವ ಮೊದಲು ಅರ್ಜಿ ಹೋಗಬೇಕಿತ್ತು. ನಾಳೆ, ನಾಡಿದ್ದು ಎಂದು ನೀವು ದಿನ ದೂಡಿದಿರಿ. ಕೊನೆಗೊಂದು ಬೆಳಿಗ್ಗೆ ಗಂಜಿಗೆ ಕೂತಾಗ ಅಣ್ಣ ಕೇಳಿದ, “ಅರ್ಜಿಗೆ ರುಜು ಹಾಕ್ದ್ಯಾ?”

“ನನ್ನತ್ರ ಆತಿಲ್ಲೆ,” ಎಂದಿರಿ ನೀವು, ಬಡಿಸುತ್ತಲೇ. “ನಾಲ್ಕ್ ಬಣ್ಣದ ಎಲೆ ನೆನಪ್ ಇಟ್ಕಂಬುಕ್ ಆತಿಲ್ಲೆ ನಂಗೆ. ಮಕ್ಕಳಿಗ್ ಎಂತ ಹೇಳಿ ಕೊಡೂದ್?”

ಅಣ್ಣ ನಕ್ಕ. ತಮಾಷೆ ಎಂದುಕೊಂಡನೋ ಏನೋ. ಅಮ್ಮ ನಗಲಿಲ್ಲ, “ಹೋಯ್ಲಿ ಬಿಡ್, ಎಲ್ಲರಿಗೂ ಎಲ್ಲಾ ಬತ್ತಾ?” ಎಂದಳು. ನಾನು ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಉಂಡೆ. ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಾದರೂ ಸಿಕ್ಕಿಬೀಳುತ್ತಾನೆ. ನನಗೆ ಹೆಗಲು ಮುಟ್ಟಿಕೊಳ್ಳುವಷ್ಟು ನಾಚಿಕೆಯೂ ಆಗ ಇರಲಿಲ್ಲ. ಅರ್ಜಿಯ ಕಾಗದ ಕೆಲವು ದಿನ ಅಣ್ಣನ ಪುಸ್ತಕದೊಳಗಿತ್ತು. ಮಳೆ ಬಂತು.

ಐದು ವರ್ಷದ ಮೇಲೆ ಅದೇ ಟ್ರೈನಿಂಗಿಗೆ ನಾನು ಹೋದೆ. ಪೆಟ್ಟಿಗೆ ಕಟ್ಟಿಕೊಟ್ಟವರು ನೀವು. “ನೀನಾರೂ ಓದ್, ನಿಂಗ್ ತಲೆ ಇತ್ತ್” ಎಂದಿರಿ. ಆಗಲೂ ಬಾಯಿ ಬಿಡಲಿಲ್ಲ ನಾನು. ಬಿಡಬಹುದಿತ್ತು — ಬಸ್ಸು ಬರಲು ಇನ್ನೂ ಹೊತ್ತಿತ್ತು.

ಕಳೆದ ವಾರ ನಿಮ್ಮ ಮನೆಗೆ ಬಂದಿದ್ದಾಗ ಮೊಮ್ಮಗಳು ಬಡ್ಡಿ ಲೆಕ್ಕ ಹಿಡಿದು ನನ್ನ ಹತ್ತಿರ ಬಂದಳು. ನಾನು ಕನ್ನಡಕ ಹುಡುಕುವುದರೊಳಗೆ ನೀವು ತೊಂಡೆಕಾಯಿ ಹೆಚ್ಚುತ್ತಲೇ ಉತ್ತರ ಹೇಳಿದಿರಿ. ಸರಿಯಾಗಿತ್ತು. ಆದರೂ ಕೂಡಲೇ, “ಅಲ್ಲ, ಚಿಕ್ಕಜ್ಜಿ ಹತ್ರವೇ ಕೇಣ್. ನಂಗ್ ಲೆಕ್ಕ ತಪ್ಪತ್ತ್” ಎಂದಿರಿ. ನಿಮ್ಮ ದೊಡ್ಡ ಮಗ ಒಳಗಿನಿಂದಲೇ, “ಅಮ್ಮಂಗೆ ಎಂತ ಗೊತ್ತಾತ್ತ್” ಎಂದು ನಕ್ಕ. ನೀವೂ ನಕ್ಕಿರಿ. ಅವನಿಗೆ ಹಾಗೆ ಅನ್ನಲು ಕಲಿಸಿದವಳು ಅಲ್ಲೇ ಕುರ್ಚಿಯ ಮೇಲೆ ಕೂತು ಕಾಪಿ ಕುಡಿಯುತ್ತಿದ್ದಳು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಅತ್ತಿಗೆ. ನೀವೊಬ್ಬರೇ ಓದಿ ಮಡಿಸಿಟ್ಟುಬಿಟ್ಟರೆ ನಾನು ಮತ್ತೊಮ್ಮೆ ತಪ್ಪಿಸಿಕೊಂಡ ಹಾಗಾಗುತ್ತದೆ. ನೀವು ಸೋತದ್ದನ್ನು ಎಲ್ಲರೂ ನೋಡಿದ್ದರು. ಸೋಲಿಸಿದ್ದು ಯಾರೆಂಬುದೂ ಎಲ್ಲರಿಗೆ ತಿಳಿಯಬೇಕು. ಈ ಭಾನುವಾರ ಬರುತ್ತೇನೆ. ಅಣ್ಣ, ನಿಮ್ಮ ಇಬ್ಬರು ಮಕ್ಕಳು, ಸೊಸೆಯರು, ಆ ಮೊಮ್ಮಗಳು — ಎಲ್ಲರ ಎದುರು ನಿಂತು ಇದನ್ನು ಓದುತ್ತೇನೆ.

ನೀವು ಸಿಟ್ಟು ಮಾಡಿ. ಬೈಯಿರಿ. ಇನ್ನು ಈ ಮನೆಗೆ ಬರಬೇಡ ಎಂದರೂ ಸರಿ. ‘ಹೋಯ್ಲಿ ಬಿಡ್, ಮಕ್ಕಳಾಟ ಅಲ್ದಾ’ ಎಂದು ಮಾತ್ರ ಹೇಳಬೇಡಿ. ನೀವು ಹಾಗೆಯೇ ಹೇಳುವವರು. ನಲವತ್ತು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದು ಹೆದರಿಕೆಯಿಂದಲ್ಲ — ಹೇಳಿದರೆ ನೀವು ಕ್ಷಮಿಸಿಬಿಡುತ್ತೀರಿ ಎಂದು ಗೊತ್ತಿದ್ದೂ ಹೇಳಲಿಲ್ಲ.