ಒಂದು ದಿನದ ದೇಶಕ್ಕೊಂದು ಮೆಟ್ಟಿಲು

ಗೋವಿಂದರಾಜನಗರದ ಆ ಒಂದು ಕ್ರಾಸಿನಲ್ಲಿ ದಸರಾ ಬಂತೆಂದರೆ ಹದಿನಾಲ್ಕು ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ಹದಿಮೂರು ಮನೆಗಳಲ್ಲಿ ರಾಜ, ರಾಣಿ, ಆನೆ, ಅಂಬಾರಿ, ಅಂಗಡಿ ಇಟ್ಟುಕೊಂಡ ಶೆಟ್ಟರು ಮತ್ತು ಅವರ ಹೆಂಡತಿ. ಹದಿನಾಲ್ಕನೆಯದು ವಿಮಲಮ್ಮನವರ ಮನೆ. ಅಲ್ಲಿ ಮೇಲಿನ ಮೆಟ್ಟಿಲಲ್ಲಿ ಎಲ್ಲರ ಮನೆಯಂತೆ ಪಟ್ಟದ ಗೊಂಬೆಗಳು. ಅವುಗಳ ಕೆಳಗೆ ಆರು ಮೆಟ್ಟಿಲು ತುಂಬ, ಈಗ ಎಲ್ಲೂ ಇಲ್ಲದ ದೇಶಗಳು, ಮರಳಲ್ಲಿ ಹೂತುಹೋದ ಊರುಗಳು, ನೀರಿಗೆ ಹೋದ ದ್ವೀಪಗಳು.

ಇದು ಶುರುವಾದದ್ದು ಒಂದು ಟ್ರಂಕಿನಿಂದ. ವಿಮಲಮ್ಮ ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವರು. ಗಂಟೆ ಹೊಡೆಯುವುದು, ಸುತ್ತೋಲೆ ತೋರಿಸಿ ಸಹಿ ಹಾಕಿಸುವುದು, ಮೇಷ್ಟರುಗಳಿಗೆ ಟೀ ತರುವುದು ಅವರ ಕೆಲಸ. ಒಂದು ದಿನ ಹೆಡ್‌ಮಾಸ್ಟರ್ ಪದ್ಮನಾಭ ಅವರು ಗೋಡೆಗೆ ನೇತುಹಾಕುವ ಹಳೆಯ ಭೂಪಟಗಳ ಸುರುಳಿಯನ್ನು ಕೊಟ್ಟು, "ಇವನ್ನ ಗುಜರಿಗೆ ಹಾಕ್ಬಿಡಿ ವಿಮಲಮ್ಮ. ಇದರಲ್ಲಿರೋ ಅರ್ಧ ದೇಶಗಳೇ ಈಗ ಇಲ್ಲ" ಎಂದರು. ಬಟ್ಟೆಗೆ ಅಂಟಿಸಿದ ಗಟ್ಟಿ ಭೂಪಟಗಳು. ಗುಜರಿಗೆ ಹಾಕಲು ವಿಮಲಮ್ಮನಿಗೆ ಮನಸ್ಸು ಬರಲಿಲ್ಲ. ಮನೆಗೆ ತಂದು ಗೊಂಬೆ ಟ್ರಂಕಿನ ಒಳಗೆ ಹಾಸಿದರು.

ಮುಂದಿನ ದಸರಾಕ್ಕೆ ಟ್ರಂಕು ತೆಗೆದು, ಮಣ್ಣಿನ ರಾಜನ ಮೂಗು ಒರೆಸುತ್ತಿದ್ದಾಗ ಅವನ ಬೆನ್ನಡಿಯಲ್ಲಿ ಒಂದು ಹೆಸರು ಕಂಡಿತು: ಚೆಕೊಸ್ಲೊವಾಕಿಯಾ. ಮರುದಿನವೇ ಭೂಗೋಳದ ಮಧ್ವೇಶ್ ಮೇಷ್ಟರನ್ನು ಹಿಡಿದರು.

"ಸಾರ್, ದೇಶ ಹೋಯ್ತು ಅಂದ್ರೆ ಅಲ್ಲಿ ಜನ ಎಲ್ಲಿಗೆ ಹೋಗ್ತಾರೆ?"

"ಜನ ಅಲ್ಲೇ ಇರ್ತಾರಮ್ಮ. ಹೆಸರು ಹೋಗುತ್ತೆ ಅಷ್ಟೆ."

"ಮತ್ತೆ ಏನು ತಿಂತಿದ್ರು ಅವರು?"

ಇಪ್ಪತ್ತೆಂಟು ವರ್ಷ ಭೂಗೋಳ ಹೇಳಿಕೊಟ್ಟ ಮಧ್ವೇಶ್ ಮೇಷ್ಟರಿಗೆ ರಾಜಧಾನಿ ಗೊತ್ತಿತ್ತು, ವಿಸ್ತೀರ್ಣ ಗೊತ್ತಿತ್ತು, ಕಲ್ಲಿದ್ದಲಿನ ಉತ್ಪಾದನೆ ಟನ್ನುಗಳಲ್ಲಿ ಗೊತ್ತಿತ್ತು. ಊಟದ ವಿಷಯ ಗೊತ್ತಿರಲಿಲ್ಲ. ಅವರು ಅದನ್ನು ಅವಮಾನವೆಂದೇ ತಿಳಿದು, ಲೈಬ್ರರಿಗೆ ಹೋಗಿ ಹುಡುಕಿ ತಂದು ಹೇಳಿದರು. ನಿವೃತ್ತಿಯಾಗಿ ಕೆಂಗೇರಿ ಉಪನಗರ ಸೇರಿದ ಮೇಲೂ ವರ್ಷಕ್ಕೊಮ್ಮೆ ಮೆಟ್ರೋ ಹತ್ತಿ ಬಂದು, ಕಾಣೆಯಾದ ಒಂದೆರಡು ದೇಶಗಳನ್ನು ವಿಮಲಮ್ಮನಿಗೆ ಒಪ್ಪಿಸಿ, ಕಾಫಿ ಕುಡಿದು ಹೋಗುವುದು ಅವರ ವ್ರತವಾಯಿತು.

ಊಟದ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಗೊಂಬೆ ನೋಡಲು ಬಂದ ಮಕ್ಕಳ ಕೈಗೆ ಚರ್ಪು ಕೊಡಬೇಕಲ್ಲ! ಬೇರೆ ಮನೆಗಳಲ್ಲಿ ಕಡಲೆಕಾಳಿನ ಉಸಲಿ, ಕೊಬ್ಬರಿ ಮಿಠಾಯಿ. ವಿಮಲಮ್ಮನ ಮನೆಯಲ್ಲಿ ದಿನಕ್ಕೊಂದು ಇಲ್ಲದ ದೇಶದ ತಿಂಡಿ. ಒಂದೇ ತಿಂಗಳ ಮಟ್ಟಿಗೆ ಸ್ವತಂತ್ರ ಸುಲ್ತಾನನಿದ್ದ ಜಂಜಿಬಾರಿನ ದಿನ ಲವಂಗ ಹಾಕಿದ ಸಿಹಿ ಬೋಂಡಾ. ಯುಗೊಸ್ಲಾವಿಯಾದ ದಿನ ಎಲೆಕೋಸಿನಲ್ಲಿ ಅನ್ನ ಸುತ್ತಿ ಬೇಯಿಸಿದ್ದು. ಅದರಲ್ಲಿರಬೇಕಾದ ಮಾಂಸ ಹಬ್ಬದ ಕಾರಣ ರಜೆಯ ಮೇಲಿರುತ್ತಿತ್ತು. ತಲಕಾಡಿಗೆ ಹುಗ್ಗಿ. ಬಂಗಾಳ ಕೊಲ್ಲಿಯಲ್ಲಿ ಒಂದು ಚಂಡಮಾರುತದ ನಂತರ ಎದ್ದು, ಎರಡು ದೇಶಗಳು ನನ್ನದು ತನ್ನದು ಎಂದು ಕಿತ್ತಾಡುತ್ತಿರುವಾಗಲೇ ಮತ್ತೆ ಮುಳುಗಿಹೋದ ಆ ಮರಳುದಿಬ್ಬದಲ್ಲಿ ಮಾತ್ರ ಮನುಷ್ಯರೇ ಇರಲಿಲ್ಲ. ವಿಮಲಮ್ಮ ಅಲ್ಲಿಗೊಂದು ಮಣ್ಣಿನ ಏಡಿ ಮಾಡಿ ಕೂರಿಸಿದರು. ಆ ದಿನ ಚರ್ಪು ಇಲ್ಲ, ನೀರು ಮಜ್ಜಿಗೆ. ನಿಯಮ ಒಂದೇ: ಏನು ತಿನ್ನುತ್ತಿದ್ದರೆಂದು ಗೊತ್ತಾಗದ ದೇಶಕ್ಕೆ ಮೆಟ್ಟಿಲಿಲ್ಲ.

ಈ ವರ್ಷ ಮಧ್ವೇಶ್ ಮೇಷ್ಟರು ಬರುವಾಗಲೇ ಮುಗುಳ್ನಗುತ್ತಾ ಬಂದರು. "ಈ ಸಲ ಎಲ್ಲಕ್ಕಿಂತ ಚಿಕ್ಕದು ತಂದಿದೀನಿ ವಿಮಲಮ್ಮ. ಕಾರ್ಪಾಥೋ-ಉಕ್ರೇನ್. ಮೂವತ್ತೊಂಬತ್ತನೇ ಇಸವಿ ಮಾರ್ಚ್ ಹದಿನೈದಕ್ಕೆ ಸ್ವತಂತ್ರ ಅಂತ ಸಾರಿದ್ರು, ಅಧ್ಯಕ್ಷರನ್ನೂ ಆರಿಸಿದ್ರು. ಮಾರನೇ ದಿನ ಪಕ್ಕದ ಹಂಗೇರಿ ಸೈನ್ಯ ಬಂದು ರಾಜಧಾನಿ ಹಿಡ್ಕೊಂಡ್ತು. ಒಂದೇ ದಿನ!"

ವಿಮಲಮ್ಮ ಕಾಫಿ ಲೋಟ ಕೆಳಗಿಟ್ಟರು. "ಒಂದೇ ದಿನವಾ ಸಾರ್?" ಎಂದರು. ಅವರ ದನಿ ಬದಲಾದದ್ದು ಮೇಷ್ಟರಿಗೆ ತಿಳಿಯಲಿಲ್ಲ. ಸೊಸೆ ಕೀರ್ತನಾಗೆ ತಿಳಿಯಿತು. ಯಾಕೆಂದರೆ ವಿಮಲಮ್ಮನಿಗೂ ಅಂಥದೊಂದು ದಿನವಿತ್ತು. ಆ ಕಥೆಯನ್ನು ಮನೆಯವರು ವರ್ಷಕ್ಕೆರಡು ಸಲ ಕೇಳುತ್ತಿದ್ದರು.

ಅದು ಎಲೆಕ್ಷನ್ ಸಮಯ. ತರಬೇತಿಗೆ ಎಲ್ಲ ಮೇಷ್ಟರುಗಳೂ, ಹೆಡ್‌ಮಾಸ್ಟರೂ ಬೆಳಗ್ಗೆ ಒಂಬತ್ತಕ್ಕೆ ಹಾಜರಾಗತಕ್ಕದ್ದು ಎಂಬ ಆದೇಶ ಹಿಂದಿನ ಸಂಜೆ ಬಂದಿತ್ತು. ಮಕ್ಕಳಿಗೆ ರಜೆ ಎಂದು ಹೇಳಲು ಯಾರಿಗೂ ನೆನಪಾಗಲಿಲ್ಲ. ಮುನ್ನೂರ ಹನ್ನೆರಡು ಮಕ್ಕಳು ಬಂದು ನಿಂತರು. ವಾಪಸ್ಸು ಕಳಿಸೋಣವೆಂದರೆ ಅವರ ಅಪ್ಪ ಅಮ್ಮಂದಿರೆಲ್ಲ ಮಿಲ್ಲಿಗೂ ಅಗರಬತ್ತಿ ಫ್ಯಾಕ್ಟರಿಗೂ ಹೋಗಿಯಾಗಿತ್ತು, ಮನೆಗಳಿಗೆ ಬೀಗ. ವಿಮಲಮ್ಮ ಸೆರಗು ಸಿಕ್ಕಿಸಿ ಗಂಟೆ ಹೊಡೆದರು. ಪ್ರಾರ್ಥನೆ ಮಾಡಿಸಿದರು. ಹತ್ತನೇ ತರಗತಿಯವರನ್ನು ಕೆಳಗಿನ ತರಗತಿಗಳಿಗೆ ಮೇಷ್ಟರು ಮಾಡಿದರು. ಎಂಟನೇ ತರಗತಿಗೆ ತಾವೇ ಹೋಗಿ ಭೂಪಟ ಬಿಚ್ಚಿ, "ಬೆರಳಿಟ್ಟ ಊರಲ್ಲಿ ಏನು ತಿಂತಾರೆ, ಯೋಚಿಸಿ ಹೇಳಿ" ಎಂದರು. ಏಳು ಪೀರಿಯಡ್ಡು, ಏಳು ಗಂಟೆ, ಒಂದು ನಿಮಿಷ ಆಚೀಚೆ ಇಲ್ಲ. ಯಾರೂ ಬೀಳಲಿಲ್ಲ, ಯಾರೂ ಅಳಲಿಲ್ಲ. ಮರುದಿನ ಹೆಡ್‌ಮಾಸ್ಟರು ಬಂದು, ಮೇಷ್ಟರಿಲ್ಲದೆ ಶಾಲೆ ನಡೆಯಿತೆಂದು ಬರೆದರೆ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆಂದು ಯೋಚಿಸಿ, ಹಾಜರಿ ಪುಸ್ತಕದಲ್ಲಿ ಆ ದಿನದ ಮೇಲೆ ಕೆಂಪು ಶಾಯಿಯಲ್ಲಿ 'ರಜೆ' ಎಂದು ಬರೆದರು. ವಿಮಲಮ್ಮನೇ ಶಾಯಿ ಬಾಟಲಿ ತಂದುಕೊಟ್ಟಿದ್ದರು.

ಹೀಗಾಗಿ ಒಂದು ದಿನದ ದೇಶಕ್ಕೆ ಅವರು ಮೈಮುರಿದು ದುಡಿದರು. ಮಾಗಡಿ ರಸ್ತೆಯಲ್ಲಿ ಮುಸುಕಿನಜೋಳ ಸುಡುವವಳ ಹತ್ತಿರ ಸಿಪ್ಪೆ ಕೇಳಿ ತಂದು, ಒಣಗಿಸಿ, ಲಂಗ ತೊಟ್ಟ ಹೆಣ್ಣು, ಟೋಪಿ ಇಟ್ಟ ಗಂಡು ಮಾಡಿದರು. ಕೀರ್ತನಾ ಮೊಬೈಲಿನಲ್ಲಿ ಹುಡುಕಿ, ಆ ಬೆಟ್ಟದ ಜನ ಇದೇ ಮುಸುಕಿನಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮರದ ಕೋಲಿನಿಂದ ತಿರುವಿ ತಿನ್ನುತ್ತಿದ್ದರೆಂದು ಓದಿ ಹೇಳಿದಳು.

"ಮುದ್ದೆ!" ಎಂದರು ವಿಮಲಮ್ಮ. ಹೇರೋಹಳ್ಳಿಯ ಹೊಲದಲ್ಲಿ ಹುಟ್ಟಿ ಬೆಳೆದ ಅವರಿಗೆ ಯುರೋಪು ಮೊದಲ ಬಾರಿಗೆ ಹತ್ತಿರದ್ದೆನಿಸಿತು.

ಮಹಡಿ ಮೇಲೆ ಬಾಡಿಗೆಗಿದ್ದ ಗದಗದ ಕಡೆಯ ಗುರವ್ವ ಒಪ್ಪಲಿಲ್ಲ. "ಮುದ್ದಿ ಅಲ್ರೀ ಅಮ್ಮಾರ, ಇದು ಗೋವಿನಜೋಳದ ಸಂಗಟಿ. ನೀವು ಸರೀರಿ, ನಿಮಗ ತಿರುವಾಕ ಬರೂದಿಲ್ಲ" ಎಂದು ಕೋಲು ಕಿತ್ತುಕೊಂಡಳು.

ಇನ್ನು ಸ್ಪರ್ಧೆಯ ವಿಷಯ. ಬಡಾವಣೆಯ ಸಂಘ ಪ್ರತಿವರ್ಷ ಗೊಂಬೆ ಸ್ಪರ್ಧೆ ನಡೆಸುತ್ತದೆ. ಮೊದಲ ಬಹುಮಾನ ಬಂದವರು ಮರುವರ್ಷ ಪಾರ್ಕಿನ ವೇದಿಕೆಯಲ್ಲಿ ದೀಪ ಹಚ್ಚಿ ದಸರಾ ಉದ್ಘಾಟಿಸಬೇಕು. ಎರಡನೇ ಬಹುಮಾನ ಸ್ಟೀಲ್ ಡಬ್ಬಿ. ವಿಮಲಮ್ಮನ ಅಡುಗೆಮನೆಯಲ್ಲಿ ಅಂಥ ಒಂಬತ್ತು ಡಬ್ಬಿಗಳು ಸಾಲಾಗಿ ಕೂತಿದ್ದವು. ಮೂವತ್ತೊಂದು ವರ್ಷ ಶಾಲೆಯ ಸಮಾರಂಭಗಳಲ್ಲಿ ಅತಿಥಿಗಳ ಕೈಗೆ ಬೆಂಕಿಪೊಟ್ಟಣ ಎತ್ತಿಕೊಟ್ಟ ಅವರಿಗೆ, ಒಂದು ಸಲ ತಾನೇ ದೀಪ ಹಚ್ಚಬೇಕೆಂಬ ಆಸೆ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ದುರ್ಗಾಷ್ಟಮಿಯ ಸಂಜೆ ತೀರ್ಪುಗಾರರಾಗಿ ಸಂಘದ ಅಧ್ಯಕ್ಷರಾದ ನಾಗೇಂದ್ರ ಅವರು ಬಂದರು. ಎದೆಗೆ ಬ್ಯಾಡ್ಜು, ಕಂಕುಳಲ್ಲಿ ಫೈಲು. ಅವರಿಗೆ ಯಾವುದೇ ವಾಕ್ಯವನ್ನು 'ಅಧ್ಯಕ್ಷನಾಗಿ ಹೇಳ್ತಿದೀನಿ' ಎಂಬಲ್ಲಿಂದ ಶುರುಮಾಡುವ ಅಭ್ಯಾಸ. ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎನ್ನಲೂ ಹಾಗೇ ಅನ್ನುತ್ತಾರೆಂದು ಅವರ ಹೆಂಡತಿಯೇ ಹೇಳುತ್ತಿದ್ದರು. ಮೆಟ್ಟಿಲು ಮೆಟ್ಟಿಲಾಗಿ ನೋಡಿದರು. ಸಂಗಟಿಯನ್ನು ಬೆಣ್ಣೆಯೊಂದಿಗೆ ಎರಡು ಸಲ ಹಾಕಿಸಿಕೊಂಡರು.

"ಅಧ್ಯಕ್ಷನಾಗಿ ಹೇಳ್ತಿದೀನಿ ವಿಮಲಮ್ನೋರೇ, ಈ ಸಲ ಫಸ್ಟ್ ನಿಮ್ದೇ. ಒಂದೇ ಒಂದು ಸಣ್ಣ ಕರೆಕ್ಷನ್."

"ಏನ್ ಸಾರ್?"

"ಆ ಕೊನೇದು ತೆಗೆದ್ಬಿಡಿ. ಒಂದು ದಿನ ಇದ್ದಿದ್ದನ್ನ ದೇಶ ಅಂತಾರೇನ್ರೀ? ನಮ್ಮ ಬೀದೀಲಿ ಕರೆಂಟ್ ಹೋದ್ರೆ ಅದಕ್ಕಿಂತ ಜಾಸ್ತಿ ಹೊತ್ತು ಇರುತ್ತೆ. ನಾಳೆ ಜನ ನಕ್ಕರೆ ಸಂಘದ ಗೌರವದ ಪ್ರಶ್ನೆ."

ಕೀರ್ತನಾ ಅತ್ತೆಯ ಕಿವಿಯಲ್ಲಿ ಹೇಳಿದಳು. "ಅತ್ತೆ, ಒಂದ್ ಗಂಟೆ ಮಟ್ಟಿಗೆ ಒಳಗಿಡಿ. ಅವರು ಹೋದ್ಮೇಲೆ ಮತ್ತೆ ಇಟ್ರಾಯ್ತು."

"ಇದ್ದದ್ದೇ ಒಂದು ದಿನ ಕಣೇ. ಅದ್ರಲ್ಲಿ ಒಂದ್ ಗಂಟೆ ನಾನು ಕಿತ್ಕೊಳ್ಳಲಾ?"

ನಂತರ ನಾಗೇಂದ್ರ ಅವರ ಕಡೆ ತಿರುಗಿ, ಸುತ್ತೋಲೆ ತೋರಿಸುವಾಗಿನ ವಿನಯದಲ್ಲೇ ಕೇಳಿದರು. "ಸಾರ್, ನೀವು ಸಂಘ ಬಿಟ್ಟು ಬೇರೆ ಒಂದು ವೇದಿಕೆ ಕಟ್ಟಿದ್ರಲ್ಲ, ಅದು ಎಷ್ಟು ದಿನ ಇತ್ತು?"

ಕೋಣೆಯಲ್ಲಿ ಗುರವ್ವ ಒಬ್ಬಳೇ ಕೆಮ್ಮಿದಳು. ಆ ಕಥೆ ಬಡಾವಣೆಗೆಲ್ಲ ಗೊತ್ತು. ಪಾರ್ಕಿನ ಗೇಟಿಗೆ ಯಾರ ಹೆಸರಿನ ಫಲಕ ಎಂಬ ಜಗಳದಲ್ಲಿ ನಾಗೇಂದ್ರ ಅವರು ಸಿಡಿದು ಹೊರಬಂದು 'ನೈಜ ನಾಗರಿಕ ಹಿತರಕ್ಷಣಾ ವೇದಿಕೆ' ಸ್ಥಾಪಿಸಿದ್ದರು. ಸದಸ್ಯರು ಬರುವುದಕ್ಕೆ ಮುಂಚೆಯೇ ಸೀಲು ಮಾಡಿಸಿದ್ದರು.

"ಹನ್ನೊಂದು ದಿನ" ಎಂದರು ನಾಗೇಂದ್ರ. ಆಮೇಲೆ ಬ್ಯಾಡ್ಜು ಮುಟ್ಟಿಕೊಂಡು, "ಆದ್ರೆ ಕೆಲಸ ಮಾಡಿದ್ವಿ! ಮೂರು ಬೀದಿದೀಪ ಹಾಕಿಸಿದ್ದು ನಾವೇ. ಯಾರು ನೆನಪಿಟ್ಕೊಂಡಿದಾರೆ?"

"ನಾನು ಇಟ್ಕೊಂಡಿದೀನಿ ಸಾರ್. ಒಂದು ನಮ್ಮ ಮನೆ ಮುಂದೇನೇ ಇದೆ. ಅದರ ಬೆಳಕಲ್ಲೇ ಈ ಸಿಪ್ಪೆ ಗೊಂಬೆ ಕಟ್ಟಿದ್ದು. ಅಂದ್ಮೇಲೆ ನಿಮ್ಮ ವೇದಿಕೆ ಇತ್ತು ತಾನೇ?"

ಅವರ ಮುಖದಲ್ಲಿ ವ್ಯಂಗ್ಯ ಹುಡುಕಿದರು ನಾಗೇಂದ್ರ, ಸಿಗಲಿಲ್ಲ. ಫೈಲಿನಲ್ಲಿ ಏನೋ ಗೀಚಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮನುಷ್ಯ ಒಳಗೊಳಗೇ ಒಪ್ಪಿದರೂ ಅಧ್ಯಕ್ಷ ಒಪ್ಪಬೇಕಲ್ಲ. ರಾತ್ರಿ ಊಟದ ಹೊತ್ತಿಗೆ ಫಲಿತಾಂಶ ವಾಟ್ಸಾಪಿನಲ್ಲಿ ಬಂತು. ಮೊದಲ ಬಹುಮಾನ ಎದುರುಮನೆಯ ಮಿಣುಕುದೀಪದ ಅಂಬಾರಿಗೆ. ವಿಮಲಮ್ಮನಿಗೆ ಹತ್ತನೇ ಡಬ್ಬಿ.

ಅವರು ಅದನ್ನು ಓದಿಸಿಕೊಂಡು, "ಅನ್ನ ಬಡಿಸ್ಲಾ?" ಎಂದರು. ಕೀರ್ತನಾಗೆ ಅಳು ಬಂದಂತಾಯಿತು. ಅತ್ತೆಯ ಕಣ್ಣು ಮಾತ್ರ ಕೊನೆಯ ಮೆಟ್ಟಿಲ ಮೇಲಿತ್ತು. ಸಿಪ್ಪೆಯ ಲಂಗ ಒಂದು ಕಡೆ ಸೊಟ್ಟಗಾಗಿತ್ತು. ಎದ್ದು ಹೋಗಿ ಸರಿಮಾಡಿದರು.

ಆಯುಧಪೂಜೆಯ ಬೆಳಗ್ಗೆ ಗೇಟು ಸದ್ದಾಯಿತು. ನಾಗೇಂದ್ರ. ಬ್ಯಾಡ್ಜು ಇರಲಿಲ್ಲ. ಡಬ್ಬಿ ತಂದುಕೊಡುವ ನೆಪ. ಡಬ್ಬಿ ಕೊಟ್ಟರೂ ಹೋಗದೆ ನಿಂತು, ಜೇಬಿನಿಂದ ಕರವಸ್ತ್ರದ ಗಂಟು ತೆಗೆದರು. ಒಳಗೆ ಒಂದು ಮರದ ಹಿಡಿಯ ಸೀಲು.

"ಮನೇಲಿ ಬಿಸಾಕ್ತೀನಿ ಅಂತಿದಾರೆ. ನಿಮ್ಮ ಮೆಟ್ಟಿಲಲ್ಲಿ... ಜಾಗ ಏನಾದ್ರೂ..."

ವಿಮಲಮ್ಮ ಸೀಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆದರೆ ನಿಯಮ ನಿಯಮವೇ. "ಏನು ತಿಂದ್ರಿ ಸಾರ್ ನಿಮ್ಮ ವೇದಿಕೇಲಿ?"

ನಾಗೇಂದ್ರ ಬಹಳ ಯೋಚಿಸಿದರು. "ಉದ್ಘಾಟನೆ ದಿನ ಉದ್ದಿನವಡೆ ಮಾಡಿಸಿದ್ದೆ. ನಲವತ್ತು ಜನಕ್ಕೆ. ಆರು ಜನ ಬಂದಿದ್ರು. ಮೂರು ದಿನ ಅದನ್ನೇ ತಿಂದ್ವಿ."

ವಿಮಲಮ್ಮ ನಗಲಿಲ್ಲ. ಚೀಟಿಯ ಮೇಲೆ ದುಂಡಗೆ ಬರೆದರು: ಹನ್ನೊಂದು ದಿನ, ಉದ್ದಿನವಡೆ, ಮೂರು ಬೀದಿದೀಪ. ನಾಗೇಂದ್ರ ಬಗ್ಗಿ ಓದಿ, "ಸ್ಥಾಪಕ ಅಧ್ಯಕ್ಷರು ಅಂತ ಕೆಳಗೆ ಒಂದು ಲೈನು..." ಎಂದರು.

"ಚೀಟೀಲಿ ಜಾಗ ಇಲ್ಲ ಸಾರ್."

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಸೀರೆಗಳಲ್ಲಿ ಸುತ್ತಿ, ಭೂಪಟ ಹಾಸಿದ ಟ್ರಂಕಿನಲ್ಲಿ ಇಟ್ಟರು. ಸೀಲು, ಏಡಿ, ಲಂಗದ ಹೆಣ್ಣು ಅಕ್ಕಪಕ್ಕ. ಉಳಿದ ಜೋಳದ ಹಿಟ್ಟನ್ನು ಹತ್ತನೇ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಚೀಟಿ ಅಂಟಿಸಿದರು: ಕಾರ್ಪಾಥೋ. ರಾಗಿಹಿಟ್ಟಿಗೂ ರವೆಗೂ ನಡುವೆ ಅದಕ್ಕೆ ಜಾಗವಾಯಿತು. ಈಗ ಆ ಮನೆಯಲ್ಲಿ ವಾರಕ್ಕೊಂದು ದಿನ ಸಂಗಟಿ. ತಿರುವುವ ಕೋಲನ್ನು ಮಾತ್ರ ಗುರವ್ವ ಇನ್ನೂ ಬಿಟ್ಟುಕೊಟ್ಟಿಲ್ಲ.